ಪ್ಯಾಂಕ್ರಿಯಾಟೈಟಿಸ್ ಬಂದವರಿಗೆ ಊಟ ಯಾವಾಗ, ಯಾವ ದಾರಿಯಲ್ಲಿ?

ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ ನೋವು, ನಿಲ್ಲದ ವಾಂತಿ. ಆಸ್ಪತ್ರೆಗೆ ಬಂದು ರಕ್ತ ಪರೀಕ್ಷೆ ಮಾಡಿಸಿದರೆ ಲೈಪೇಸ್ ಎಂಬ ಕಿಣ್ವ ಮಾಮೂಲಿ ಮಿತಿಯ ಮೂರು ಪಟ್ಟಿಗೂ ಮೇಲೆ. ಅಕ್ಯೂಟ್ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಗೆ ಥಟ್ಟನೆ ಬರುವ ಉರಿಯೂತ) ಎಂದು ಗೊತ್ತಾದ ಕೂಡಲೇ ಮನೆಯವರ ಕಿವಿಗೆ ಬೀಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ‘ಬಾಯಿಗೆ ಏನೂ ಕೊಡಬೇಡಿ, ನೀರು ಕೂಡ.’

ಮೊದಲ ಕೆಲವು ಗಂಟೆಗಳಿಗೆ ಈ ಮಾತು ಸರಿ. ಒಂದೇ ಸಮನೆ ವಾಂತಿ ಮಾಡುತ್ತಿರುವವರಿಗೆ ತಿನ್ನಿಸಲು ಆಗುವುದಿಲ್ಲ. ಆದರೆ ಅದೇ ಆದೇಶ ಎರಡನೇ ದಿನಕ್ಕೆ, ಮೂರನೇ ದಿನಕ್ಕೆ, ಐದನೇ ದಿನಕ್ಕೆ ಯಾರೂ ಕೇಳದೆ ಹಾಗೇ ಮುಂದುವರಿದರೆ ಅದರಿಂದ ಆಗುವುದು ಹಾನಿ. ಈ ಕಾಯಿಲೆಯಲ್ಲಿ ಔಷಧ ಕೊಡಲು ಹೇಗೆ ಕಾರಣ ಬೇಕೋ ಉಪವಾಸ ಇಡಲೂ ಹಾಗೆಯೇ ಕಾರಣ ಬೇಕು. ಆ ಕಾರಣ ಇವತ್ತೂ ಇದೆಯೇ ಎಂದು ಪ್ರತಿದಿನ ಕೇಳಿಕೊಳ್ಳಬೇಕು. ಕಳೆದ ಮೂರು ದಶಕಗಳ ಸಂಶೋಧನೆ ಹೇಳುತ್ತಿರುವುದು ಇದನ್ನೇ. ಆದರೂ ಹಳೆಯ ರೂಢಿ ವಾರ್ಡುಗಳಿಂದ ಪೂರ್ತಿ ಹೋಗಿಲ್ಲ.

ಹಳೆಯ ತರ್ಕ ಎಲ್ಲಿಂದ ಬಂತು

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡವಾಗಿ ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಇನ್ಸುಲಿನ್ ತಯಾರಿಸುವುದು ಅದರ ಒಂದು ಕೆಲಸವಾದರೆ, ಊಟ ಜೀರ್ಣವಾಗಲು ಬೇಕಾದ ಕಿಣ್ವಗಳನ್ನು ಸುರಿಸುವುದು ಇನ್ನೊಂದು. ದಿನಕ್ಕೆ ಒಂದೂವರೆ ಲೀಟರಿನಷ್ಟು ರಸ ಅದರಿಂದ ಸಣ್ಣ ಕರುಳಿಗೆ ಹರಿಯುತ್ತದೆ. ಪ್ರೋಟೀನು, ಕೊಬ್ಬು, ಪಿಷ್ಟ ಮೂರನ್ನೂ ಒಡೆಯುವ ಶಕ್ತಿ ಆ ರಸಕ್ಕಿದೆ. ಹಾಗಾಗಿ ಅದರಲ್ಲಿನ ಅಪಾಯಕಾರಿ ಕಿಣ್ವಗಳು ಗ್ರಂಥಿಯೊಳಗೆ ನಿಷ್ಕ್ರಿಯ ರೂಪದಲ್ಲೇ ಇರುತ್ತವೆ. ಕರುಳಿಗೆ ಇಳಿದ ಮೇಲಷ್ಟೇ ಅವು ಚುರುಕಾಗಬೇಕು.

ಪಿತ್ತಕೋಶದ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡಾಗ, ಅತಿಯಾದ ಮದ್ಯಪಾನದಿಂದ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಡೆಸಿಲೀಟರಿಗೆ 1000 ಮಿಲಿಗ್ರಾಂ ದಾಟಿದಾಗ, ಕೆಲವೊಮ್ಮೆ ಔಷಧಗಳಿಂದ ಈ ಏರ್ಪಾಡು ತಪ್ಪುತ್ತದೆ. ಕಿಣ್ವಗಳು ಗ್ರಂಥಿಯೊಳಗೇ ಎಚ್ಚೆತ್ತು, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ತಾವು ಹುಟ್ಟಿದ ಅಂಗವನ್ನೇ ಅರಗಿಸಲು ತೊಡಗುತ್ತವೆ.

ಊಟ ಕರುಳಿಗೆ ಇಳಿದರೆ ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಗ್ರಂಥಿಗೆ ಇನ್ನಷ್ಟು ಕಿಣ್ವ ಸುರಿಸಲು ಹೇಳುತ್ತದೆ. ಆದ್ದರಿಂದ ಊಟ ನಿಲ್ಲಿಸಿದರೆ ಗ್ರಂಥಿಗೆ ವಿಶ್ರಾಂತಿ ಸಿಗುತ್ತದೆ, ವಿಶ್ರಾಂತಿ ಸಿಕ್ಕರೆ ಉರಿಯೂತ ಇಳಿಯುತ್ತದೆ ಎಂದು ವೈದ್ಯರು ನಂಬಿದರು. ಕೇಳಲು ಒಪ್ಪುವಂಥ ತರ್ಕವೇ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ದೊಡ್ಡ ರಕ್ತನಾಳದ ಮೂಲಕವೇ ಪೂರ್ಣ ಆಹಾರ ಕೊಡಬಹುದೆಂದು ತೋರಿಸಿದ ಮೇಲೆ ಈ ನಂಬಿಕೆಗೆ ಇನ್ನೂ ಬಲ ಬಂತು. ಕರುಳನ್ನು ಮುಟ್ಟದೆ ರೋಗಿಯನ್ನು ವಾರಗಟ್ಟಲೆ ಸಾಕಬಹುದು ಎಂದಾದರೆ ಗ್ರಂಥಿಯನ್ನು ಯಾಕೆ ಕೆಣಕಬೇಕು? ತೀವ್ರ ಪ್ಯಾಂಕ್ರಿಯಾಟೈಟಿಸ್‌ಗೆ ಟಿಪಿಎನ್ (ರಕ್ತನಾಳದ ಮೂಲಕ ಕೊಡುವ ಪೂರ್ಣ ಆಹಾರ) ಬಾಟಲಿಯೇ ಪದ್ಧತಿಯಾಯಿತು.

ಆ ತರ್ಕ ಒಂದು ಅಂಗವನ್ನಷ್ಟೇ ಲೆಕ್ಕಕ್ಕೆ ಹಿಡಿದಿತ್ತು. ಕರುಳಿನ ಗತಿ ಏನಾಗುತ್ತದೆ ಎಂದು ಕೇಳಿರಲಿಲ್ಲ. ಮೇಲಾಗಿ, ತೀವ್ರವಾಗಿ ಊದಿಕೊಂಡ ಗ್ರಂಥಿ ಆರೋಗ್ಯವಂತ ಗ್ರಂಥಿಯಷ್ಟು ಕಿಣ್ವ ಸುರಿಸುವುದೇ ಇಲ್ಲ ಎಂದು ಆಮೇಲಿನ ಅಳತೆಗಳು ತೋರಿಸಿದವು.

ಖಾಲಿ ಕರುಳಿನಲ್ಲಿ ನಡೆಯುವುದು

ಸಣ್ಣ ಕರುಳಿನ ಒಳಗೋಡೆಯ ತುಂಬ ಬೆರಳಿನಾಕಾರದ ಸೂಕ್ಷ್ಮ ಚಾಚುಗಳಿವೆ. ಅವುಗಳ ಮೇಲೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆ. ಹೊರಗಿನ ಕೋಟ್ಯಂತರ ಬ್ಯಾಕ್ಟೀರಿಯಾಕ್ಕೂ ಒಳಗಿನ ರಕ್ತಕ್ಕೂ ನಡುವೆ ಇರುವ ಗಡಿ ಅಷ್ಟೇ ತೆಳು. ಆ ಜೀವಕೋಶಗಳ ಆಯುಸ್ಸು ಮೂರರಿಂದ ಐದು ದಿನ, ಸತ್ತದ್ದರ ಜಾಗಕ್ಕೆ ಹೊಸದು ಬರುತ್ತಲೇ ಇರಬೇಕು. ಈ ಜೀವಕೋಶಗಳು ತಮ್ಮ ಪೋಷಣೆಯ ದೊಡ್ಡ ಪಾಲನ್ನು ರಕ್ತದಿಂದಲ್ಲ, ಎದುರಿಗೆ ಹಾದುಹೋಗುವ ಆಹಾರದಿಂದಲೇ ನೇರವಾಗಿ ಹೀರಿಕೊಳ್ಳುತ್ತವೆ. ಅಂದರೆ ರಕ್ತನಾಳಕ್ಕೆ ಎಷ್ಟೇ ಪೋಷಕಾಂಶ ಸುರಿದರೂ ಕರುಳಿನ ಗೋಡೆಗೆ ಹಸಿವು ತಪ್ಪುವುದಿಲ್ಲ.

ಆಹಾರ ಹಾಯದ ಕರುಳಿನಲ್ಲಿ ಚಾಚುಗಳು ಕುಗ್ಗುತ್ತವೆ, ಕೋಶಗಳ ನಡುವಿನ ಬೆಸುಗೆ ಸಡಿಲವಾಗುತ್ತದೆ, ಚಲನೆ ನಿಧಾನವಾಗಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಕರುಳಿಗೆ ರಕ್ತ ಪೂರೈಕೆಯೂ ಮೊದಲೇ ಕಡಿಮೆಯಾಗಿರುತ್ತದೆ. ಎರಡೂ ಸೇರಿದಾಗ ಬ್ಯಾಕ್ಟೀರಿಯಾ ಗೋಡೆ ದಾಟಿ ಒಳಗೆ ನುಸುಳುತ್ತವೆ. ಪಕ್ಕದಲ್ಲೇ ಗ್ರಂಥಿಯ ಸತ್ತ ಭಾಗ ಕಾದಿರುತ್ತದೆ. ರಕ್ತ ಓಡಾಡದ ಆ ಜಾಗಕ್ಕೆ ದೇಹದ ರಕ್ಷಣಾ ಕಣಗಳೂ ಸರಿಯಾಗಿ ತಲುಪವು, ಆ್ಯಂಟಿಬಯಾಟಿಕ್ಕೂ ತಲುಪದು. ಸತ್ತ ಅಂಗಾಂಶಕ್ಕೆ ಸೋಂಕು ತಗಲುವುದೇ ಈ ಕಾಯಿಲೆಯ ಎರಡನೇ ಘಟ್ಟದ ದೊಡ್ಡ ಕಂಟಕ. ಮೊದಲ ವಾರ ಗೆದ್ದವರು ಮೂರನೇ, ನಾಲ್ಕನೇ ವಾರದಲ್ಲಿ ಕೈತಪ್ಪುವುದು ಬಹಳ ಸಲ ಇದರಿಂದಲೇ. ಅಲ್ಲಿ ಸಿಗುವುದು ಹೆಚ್ಚಾಗಿ ಕರುಳಿನ ವಾಸಿಗಳಾದ ಇ. ಕೋಲೈ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾ.

ಹಾಗಾಗಿ ಇಲ್ಲಿ ಕರುಳಿಗೆ ಹೋಗುವ ಆಹಾರ ಕ್ಯಾಲೊರಿಗಿಂತ ಮೊದಲು ಒಂದು ರಕ್ಷಣೆ. ಗಂಟೆಗೆ 20 ಮಿಲಿಲೀಟರ್ ಹೋದರೂ ಅದಕ್ಕೆ ಬೆಲೆಯಿದೆ.

ಇದನ್ನು ರೋಗಿಗಳಲ್ಲಿ ತೋರಿಸಿದ ಮೊದಲ ಪ್ರಯೋಗಗಳಲ್ಲೊಂದು ಗ್ರೀಸಿನದು. 1997ರಲ್ಲಿ ಕಲ್ಫರೆಂಟ್ಸೋಸ್ ತಂಡ ತೀವ್ರ ಪ್ಯಾಂಕ್ರಿಯಾಟೈಟಿಸ್‌ನ 38 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಕರುಳಿನ ಟ್ಯೂಬಿನ ಮೂಲಕ, ಇನ್ನೊಂದಕ್ಕೆ ರಕ್ತನಾಳದ ಮೂಲಕ ಆಹಾರ ಕೊಟ್ಟಿತು. ಟ್ಯೂಬಿನ ಗುಂಪಿನಲ್ಲಿ ಸೋಂಕು ಕಡಿಮೆ, ಖರ್ಚೂ ಕಡಿಮೆ. 2010ರ ಕಾಕ್ರೇನ್ ವಿಮರ್ಶೆ 8 ಪ್ರಯೋಗಗಳ 348 ರೋಗಿಗಳ ಲೆಕ್ಕ ಒಟ್ಟುಹಾಕಿದಾಗ ಕರುಳಿನ ದಾರಿಯಲ್ಲಿ ಆಹಾರ ಪಡೆದವರಲ್ಲಿ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿದಿತ್ತು. ಈ ಕಾಯಿಲೆಯಲ್ಲಿ ಸಾವನ್ನು ಇಷ್ಟು ತಗ್ಗಿಸಿದ ಚಿಕಿತ್ಸೆಗಳು ಬೆರಳೆಣಿಕೆಯಷ್ಟೂ ಇಲ್ಲ. ಆ ಪಟ್ಟಿಯಲ್ಲಿ ಊಟ ಇದೆ ಎಂಬುದನ್ನು ನಾವು ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂದೇ ನನ್ನ ಭಾವನೆ.

‘ಡ್ರಿಪ್ ಹೋಗ್ತಿದೆಯಲ್ಲ’

ಮನೆಯವರಿಗೆ ಸಮಾಧಾನ ಕೊಡುವ ಮಾತಿದು. ಲೆಕ್ಕ ಹಾಕಿ ನೋಡೋಣ. ಸಲೈನ್ ಬಾಟಲಿಯಲ್ಲಿರುವುದು ನೀರು ಮತ್ತು ಉಪ್ಪು, ಕ್ಯಾಲೊರಿ ಸೊನ್ನೆ. ರಿಂಗರ್ ಲ್ಯಾಕ್ಟೇಟಿನಲ್ಲಿ ಇದ್ದೂ ಇಲ್ಲದಷ್ಟು. 5 ಶೇಕಡಾ ಡೆಕ್ಸ್‌ಟ್ರೋಸ್‌ನ ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆ, ಅಂದರೆ ಸುಮಾರು 170 ಕ್ಯಾಲೊರಿ, ಪ್ರೋಟೀನು ಚೂರೂ ಇಲ್ಲ. 60 ಕಿಲೋ ತೂಕದ ರೋಗಿಗೆ ದಿನಕ್ಕೆ ಬೇಕಾಗುವುದು ಕಿಲೋಗೆ 25ರಂತೆ 1500 ಕ್ಯಾಲೊರಿ, 72ರಿಂದ 90 ಗ್ರಾಂ ಪ್ರೋಟೀನು. ಡ್ರಿಪ್ ಜೀವ ಉಳಿಸುವ ಚಿಕಿತ್ಸೆಯೇ ಸರಿ. ಮೊದಲ ದಿನ ರಕ್ತನಾಳಗಳಿಂದ ಸೋರಿಹೋಗುವ ನೀರನ್ನು ತುಂಬಿಕೊಡುವುದು ಅದೇ. ಹಾಗೆಂದು ಅದು ಊಟವಲ್ಲ. ಅದನ್ನೂ ಅಳತೆ ಮೀರಿ ಕೊಟ್ಟರೆ ಕರುಳಿನ ಗೋಡೆಯೇ ನೀರು ಕುಡಿದು ಊದಿಕೊಳ್ಳುತ್ತದೆ, ಆಮೇಲೆ ಟ್ಯೂಬಿನ ಆಹಾರ ಸಹಿಸುವುದು ಇನ್ನೂ ಕಷ್ಟ.

ಇತ್ತ ದೇಹದ ಖರ್ಚು ಮಾತ್ರ ಏರಿರುತ್ತದೆ. ಉರಿಯೂತದ ಬೆಂಕಿಗೆ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಒದಗಿಸುತ್ತದೆ. ತೀವ್ರ ರೋಗಿಗಳಲ್ಲಿ ದಿನಕ್ಕೆ 20 ಗ್ರಾಂ, ಅದಕ್ಕೂ ಹೆಚ್ಚು ನೈಟ್ರೋಜನ್ ಮೂತ್ರದಲ್ಲಿ ಹೋಗಬಹುದು. 20 ಗ್ರಾಂ ನೈಟ್ರೋಜನ್ ಎಂದರೆ 125 ಗ್ರಾಂ ಪ್ರೋಟೀನು, ಸ್ನಾಯುವಿನ ಲೆಕ್ಕದಲ್ಲಿ ಅರ್ಧ ಕಿಲೋಗೂ ಮೇಲೆ. ಅದೂ ಒಂದು ದಿನಕ್ಕೆ. ತೊಡೆ, ತೋಳು ಇಳಿದದ್ದು ಕಣ್ಣಿಗೆ ಕಾಣುತ್ತದೆ. ಉಸಿರಾಟದ ಸ್ನಾಯು ಇಳಿದದ್ದು ವೆಂಟಿಲೇಟರಿನಿಂದ ಬಿಡಿಸುವಾಗ ಗೊತ್ತಾಗುತ್ತದೆ. ದೇಹದಲ್ಲಿ ನೀರು ತುಂಬಿರುವುದರಿಂದ ತೂಕದ ಯಂತ್ರ ಈ ನಷ್ಟವನ್ನು ತೋರಿಸುವುದೇ ಇಲ್ಲ, ಅದನ್ನು ನೋಡಿ ನಂಬಬಾರದು.

ಸೌಮ್ಯ ಕಾಯಿಲೆಯಾದರೆ

2012ರಲ್ಲಿ ಪರಿಷ್ಕರಿಸಿದ ಅಟ್ಲಾಂಟಾ ವರ್ಗೀಕರಣದ ಪ್ರಕಾರ ಪ್ಯಾಂಕ್ರಿಯಾಟೈಟಿಸ್ ಮೂರು ಬಗೆ: ಸೌಮ್ಯ, ಮಧ್ಯಮ, ತೀವ್ರ. ಶ್ವಾಸಕೋಶ, ಮೂತ್ರಪಿಂಡ ಅಥವಾ ರಕ್ತಪರಿಚಲನೆ 48 ಗಂಟೆ ದಾಟಿಯೂ ಸೋತಿದ್ದರೆ ಅದು ತೀವ್ರ. ಹೆಚ್ಚಿನವರದು ಸೌಮ್ಯ, ಒಂದು ವಾರದೊಳಗೆ ಗುಣ. ಇವರ ವಿಷಯ ಬೇಗ ಹೇಳಿ ಮುಗಿಸಬಹುದು: ವಾಂತಿ ನಿಂತು, ನೋವು ಹತೋಟಿಗೆ ಬಂದು, ಹಸಿವು ಎಂದರೆ ಊಟ ಕೊಡಿ. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2018ರಲ್ಲಿ ಹೇಳಿದಂತೆ, ಸಹಿಸುವಂತಿದ್ದರೆ 24 ಗಂಟೆಯೊಳಗೇ.

ಇಲ್ಲಿ ಮೂರು ಹಳೆಯ ರೂಢಿಗಳನ್ನು ಬಿಡಬೇಕು. ಮೊದಲನೆಯದು, ಲೈಪೇಸ್ ಮಾಮೂಲಿಗೆ ಇಳಿಯುವವರೆಗೆ ಕಾಯುವುದು. ಲೈಪೇಸ್ ರೋಗ ಪತ್ತೆಗೆ ಇರುವ ಪರೀಕ್ಷೆ. ಎಷ್ಟು ಏರಿದೆ ಎಂಬುದರಿಂದ ಕಾಯಿಲೆಯ ತೀವ್ರತೆಯೂ ತಿಳಿಯದು, ಊಟಕ್ಕೆ ಮುಹೂರ್ತವೂ ಸಿಗದು. ದಿನಾ ಅದನ್ನು ಪರೀಕ್ಷಿಸುತ್ತ, ಇಳಿದಿಲ್ಲವೆಂದು ಹಸಿದವರಿಗೆ ಅನ್ನ ತಪ್ಪಿಸುವುದು ಅನ್ಯಾಯ. ಎರಡನೆಯದು, ಮೊದಲು ನೀರು, ಆಮೇಲೆ ತಿಳಿ, ಆಮೇಲೆ ಗಂಜಿಯಂಥದ್ದು ಎಂದು ದಿನಕ್ಕೊಂದು ಮೆಟ್ಟಿಲು ಏರಿಸುವುದು. ನೇರವಾಗಿ ಮೆತ್ತಗಿನ, ಕೊಬ್ಬು ಕಡಿಮೆಯ ಊಟ ಕೊಟ್ಟರೂ ಅಷ್ಟೇ ಸುರಕ್ಷಿತ ಎಂದು ಪ್ರಯೋಗಗಳು ತೋರಿಸಿವೆ. ಬರೀ ತಿಳಿಯಲ್ಲಿ ಕ್ಯಾಲೊರಿಯೇ ಇರುವುದಿಲ್ಲ. ಮೂರನೆಯದು, ಉಂಡ ಮೇಲೆ ಸ್ವಲ್ಪ ನೋವು ಬಂದ ಕೂಡಲೇ ಮತ್ತೆ ಪೂರ್ತಿ ಉಪವಾಸಕ್ಕೆ ತಳ್ಳುವುದು. ಕೆಲವರಿಗೆ ನೋವು ಮರುಕಳಿಸುವುದು ನಿಜ. ಆಗ ಪ್ರಮಾಣ ಇಳಿಸಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಟ್ಟು ನೋಡಿ. ವಾಂತಿ, ಜ್ವರ, ಹೊಟ್ಟೆ ಉಬ್ಬರ ಜೊತೆಗಿದ್ದರೆ ಮಾತ್ರ ನಿಲ್ಲಿಸಿ ಕಾರಣ ಹುಡುಕಬೇಕು.

ಒಂದು ಗುಂಪಿಗೆ ಮಾತ್ರ ಆರಂಭದ ಉಪವಾಸದಿಂದ ನಿಜವಾದ ಲಾಭವಿದೆ. ಟ್ರೈಗ್ಲಿಸರೈಡ್ ವಿಪರೀತ ಏರಿ ಕಾಯಿಲೆ ಬಂದವರಲ್ಲಿ ಒಂದೆರಡು ದಿನ ಊಟ ನಿಲ್ಲಿಸಿದರೆ ಆ ಕೊಬ್ಬಿನ ಮಟ್ಟ ಬೇಗ ಇಳಿಯುತ್ತದೆ, ಅಗತ್ಯವಿದ್ದರೆ ಇನ್ಸುಲಿನ್ ಜೊತೆಗಿರುತ್ತದೆ. ಆಮೇಲಿನ ಆಹಾರದಲ್ಲೂ ಕೊಬ್ಬು ತೀರ ಕಡಿಮೆ ಇರಬೇಕು. ಐಸಿಯುನಲ್ಲಿ ಮಂಪರಿಗೆ ಕೊಡುವ ಪ್ರೊಪೋಫಾಲ್ ಔಷಧ ಕೊಬ್ಬಿನ ದ್ರಾವಣದಲ್ಲೇ ಬರುತ್ತದೆ, ಮಿಲಿಲೀಟರಿಗೆ 1.1 ಕ್ಯಾಲೊರಿ. ಇಂಥ ರೋಗಿಗಳಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಉಣ್ಣಲು ಆಗದವರಿಗೆ ಟ್ಯೂಬ್

ತೀವ್ರ ಕಾಯಿಲೆಯವರಿಗೆ ಎಲ್ಲರಿಗೂ ಮೊದಲ ದಿನವೇ ಟ್ಯೂಬ್ ಹಾಕಬೇಕೇ? ನೆದರ್‌ಲ್ಯಾಂಡ್ಸಿನ 19 ಆಸ್ಪತ್ರೆಗಳಲ್ಲಿ 208 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪೈಥಾನ್ ಪ್ರಯೋಗ ಇದನ್ನೇ ಕೇಳಿತು. ತೀವ್ರವಾಗುವ ಅಪಾಯವಿದ್ದ ರೋಗಿಗಳಲ್ಲಿ ಒಂದು ಗುಂಪಿಗೆ 24 ಗಂಟೆಯೊಳಗೆ ಟ್ಯೂಬ್. ಇನ್ನೊಂದಕ್ಕೆ 72 ಗಂಟೆಯ ಹೊತ್ತಿಗೆ ಬಾಯಿಯಿಂದ ಊಟ, ಅದು ಆಗದಿದ್ದರೆ ಮಾತ್ರ ಟ್ಯೂಬ್. ದೊಡ್ಡ ಸೋಂಕು ಅಥವಾ ಸಾವು ಮೊದಲ ಗುಂಪಿನಲ್ಲಿ 30 ಶೇಕಡಾ, ಎರಡನೆಯದರಲ್ಲಿ 27. ಗಮನಾರ್ಹ ವ್ಯತ್ಯಾಸವಿಲ್ಲ. ಎರಡನೇ ಗುಂಪಿನ 69 ಶೇಕಡಾ ಜನರಿಗೆ ಟ್ಯೂಬ್ ಬೇಕೇ ಆಗಲಿಲ್ಲ. ಇದನ್ನು ‘ಮೂರು ದಿನ ಉಪವಾಸ ಇಟ್ಟರೂ ನಡೆಯುತ್ತದೆ’ ಎಂದು ಓದಿಕೊಳ್ಳುವವರಿದ್ದಾರೆ. ನನ್ನ ಓದು ಬೇರೆ. ಬಾಯಿಯಿಂದ ಪ್ರಯತ್ನಿಸಿ ನೋಡಲು ಎರಡು ಮೂರು ದಿನದ ಅವಕಾಶವಿದೆ, ಅಷ್ಟರಲ್ಲಿ ಸಾಲದಿದ್ದರೆ ಟ್ಯೂಬ್ ಹಾಕುವುದನ್ನು ಮುಂದೂಡಬೇಡಿ.

ಟ್ಯೂಬ್ ಎಲ್ಲಿಯವರೆಗೆ ಹೋಗಬೇಕು ಎಂಬುದರ ಬಗ್ಗೆ ದೊಡ್ಡ ಚರ್ಚೆಯೇ ನಡೆದಿತ್ತು. ಜಠರದಾಚೆ, ಡ್ಯುವೊಡಿನಮ್ (ಸಣ್ಣ ಕರುಳಿನ ಮೊದಲ ಭಾಗ) ದಾಟಿ ಅದರ ಮುಂದಿನ ಭಾಗವಾದ ಜೆಜುನಮ್‌ಗೆ ತುದಿ ಮುಟ್ಟಿಸಿದರೆ ಗ್ರಂಥಿಗೆ ಪ್ರಚೋದನೆ ಕಡಿಮೆ ಎಂದು ಮೊದಲು ಅದನ್ನೇ ಕಡ್ಡಾಯ ಮಾಡಿದ್ದರು. ಅದಕ್ಕೆ ಎಂಡೋಸ್ಕೋಪಿ ಅಥವಾ ಎಕ್ಸ್‌ರೇ ನೆರವು ಬೇಕು, ಅದು ಸಿಗುವವರೆಗೆ ರೋಗಿ ಹಸಿದಿರಬೇಕು. 2005ರಲ್ಲಿ ಗ್ಲಾಸ್ಗೋದ ತಂಡವೊಂದು, ಆಮೇಲೆ ನವದೆಹಲಿಯ ಏಮ್ಸ್ ವೈದ್ಯರು, ಮೂಗಿನಿಂದ ಜಠರಕ್ಕಷ್ಟೇ ಇಳಿಸುವ ಸಾಮಾನ್ಯ ಟ್ಯೂಬೂ ಹೆಚ್ಚಿನವರಿಗೆ ಸಾಕು ಎಂದು ತೋರಿಸಿದರು. ಅದನ್ನು ಹಾಸಿಗೆಯ ಬಳಿಯೇ ಹಾಕಬಹುದು. ಜಠರದಿಂದ ಆಹಾರ ಮುಂದಕ್ಕೆ ಸಾಗದಿದ್ದರೆ, ವಾಂತಿ ನಿಲ್ಲದಿದ್ದರೆ ಜೆಜುನಮ್‌ಗೆ ಹೋಗಬೇಕಾಗುತ್ತದೆ. ಊದಿಕೊಂಡ ಗ್ರಂಥಿ ಡ್ಯುವೊಡಿನಮ್ಮನ್ನು ಒತ್ತಿ ಹಿಡಿದಾಗ ಹೀಗಾಗುವುದುಂಟು.

ಹಾಕಿದ ಟ್ಯೂಬಿನ ತುದಿ ಎಲ್ಲಿದೆ ಎಂದು ಎಕ್ಸ್‌ರೇಯಲ್ಲಿ ನೋಡದೆ ಅದರೊಳಗೆ ಏನನ್ನೂ ಬಿಡಬಾರದು. ಆಮೇಲೆ ತಲೆಯ ಕಡೆ ಮಂಚವನ್ನು 30ರಿಂದ 45 ಡಿಗ್ರಿ ಎತ್ತಿ, ಗಂಟೆಗೆ 20 ಮಿಲಿಲೀಟರಿನಿಂದ ಆರಂಭ. ಮಿಲಿಲೀಟರಿಗೆ ಒಂದು ಕ್ಯಾಲೊರಿಯ ಫಾರ್ಮುಲಾ ಆದರೆ ಇಡೀ ದಿನಕ್ಕೆ 480 ಕ್ಯಾಲೊರಿ. ಹೊಟ್ಟೆ ಉಬ್ಬರ, ನೋವು, ವಾಂತಿ ನೋಡಿಕೊಂಡು ಎರಡು ಮೂರು ದಿನದಲ್ಲಿ ಗಂಟೆಗೆ 60 ಮಿಲಿಲೀಟರಿನ ಹತ್ತಿರ ತಲುಪಿದರೆ ಆ 60 ಕಿಲೋ ರೋಗಿಯ ಗುರಿ ಮುಟ್ಟಿದಂತೆ. ಜಠರಕ್ಕೆ ಹಿಗ್ಗುವ ಗುಣವಿದೆ, ಜೆಜುನಮ್‌ಗೆ ಅಷ್ಟಿಲ್ಲ. ಅಲ್ಲಿಗೆ ಸಿರಿಂಜಿನಲ್ಲಿ ಒಂದೇ ಸಲಕ್ಕೆ 200 ಮಿಲಿಲೀಟರ್ ತಳ್ಳಿದರೆ ಹೊಟ್ಟೆ ನುಲಿತ, ಭೇದಿ ಗ್ಯಾರಂಟಿ. ಪಂಪಿನಲ್ಲಿ ನಿಧಾನವಾಗಿಯೇ ಹೋಗಬೇಕು. ಜಠರದ ಆಮ್ಲದ ರಕ್ಷಣೆಯೂ ಅಲ್ಲಿಲ್ಲದ ಕಾರಣ ಆಹಾರ ತಯಾರಿಸುವ ಕೈ, ಪಾತ್ರೆ ಎರಡೂ ಶುಚಿಯಾಗಿರಬೇಕು. ಟ್ಯೂಬ್ ಸಣ್ಣದು, ಕಟ್ಟಿಕೊಂಡರೆ ಮತ್ತೆ ಎಂಡೋಸ್ಕೋಪಿಯೇ ಗತಿ. ನಾಲ್ಕು ಗಂಟೆಗೊಮ್ಮೆ ಮತ್ತು ಪ್ರತಿ ಔಷಧದ ಹಿಂದೆ ಮುಂದೆ ನೀರು ಹಾಯಿಸುವುದು, ಪುಡಿ ಮಾಡಿದ ಮಾತ್ರೆಯನ್ನು ಆಹಾರಕ್ಕೆ ಬೆರೆಸದಿರುವುದು ಚಿಕ್ಕ ಕೆಲಸಗಳಾದರೂ ಮರೆಯಬಾರದಂಥವು.

ಪ್ರೋಟೀನನ್ನು ಮೊದಲೇ ಒಡೆದು ತಯಾರಿಸಿದ ದುಬಾರಿ ಫಾರ್ಮುಲಾಗಳು ಬೇಕೇ ಎಂದು ಮನೆಯವರು ಕೇಳುತ್ತಾರೆ. ಹೆಚ್ಚಿನವರಿಗೆ ಪ್ರೋಟೀನನ್ನು ಒಡೆಯದೆ ಇಟ್ಟ ಸಾಮಾನ್ಯ ಪಾಲಿಮೆರಿಕ್ ಫಾರ್ಮುಲಾ ಸಾಕು. ಅದು ಅರಗದೆ ಭೇದಿಯಾದರೆ ಬದಲಿಸಿ ನೋಡಬಹುದು. ಪ್ರೊಬಯಾಟಿಕ್ ಮಾತ್ರ ಬೇಡವೇ ಬೇಡ. ‘ಒಳ್ಳೆಯ ಬ್ಯಾಕ್ಟೀರಿಯಾ ತಾನೇ, ಕೊಟ್ಟರೆ ನಷ್ಟವೇನು’ ಎಂಬ ಪ್ರಶ್ನೆಗೆ ಉತ್ತರ 2008ರಲ್ಲೇ ಸಿಕ್ಕಿದೆ. ನೆದರ್‌ಲ್ಯಾಂಡ್ಸಿನ ಪ್ರೊಪಾಟ್ರಿಯಾ ಪ್ರಯೋಗದಲ್ಲಿ ತೀವ್ರವಾಗುವ ಲಕ್ಷಣವಿದ್ದ ರೋಗಿಗಳಿಗೆ ಪ್ರೊಬಯಾಟಿಕ್ ಕೊಟ್ಟಾಗ ಸೋಂಕು ತಗ್ಗಲಿಲ್ಲ. ಸಾವು 16 ಶೇಕಡಾ, ಕೊಡದವರಲ್ಲಿ 6. ಒಂಬತ್ತು ಜನರ ಕರುಳಿಗೆ ರಕ್ತ ಸಾಲದೆ ಹಾನಿಯಾಯಿತು, ಇನ್ನೊಂದು ಗುಂಪಿನಲ್ಲಿ ಅಂಥವರು ಒಬ್ಬರೂ ಇರಲಿಲ್ಲ.

ರಕ್ತನಾಳದ ಆಹಾರಕ್ಕೂ ಸಮಯವಿದೆ

ಕರುಳು ಕೆಲಸ ಮಾಡದಿರುವ ಸಂದರ್ಭಗಳಿವೆ. ಕರುಳು ಕಟ್ಟಿದಾಗ, ಕರುಳಿಗೆ ರಕ್ತ ನಿಂತಾಗ, ಹೊಟ್ಟೆಯೊಳಗಿನ ಒತ್ತಡ ವಿಪರೀತ ಏರಿದಾಗ. ಈ ಒತ್ತಡವನ್ನು ಮೂತ್ರದ ಕ್ಯಾತಿಟರ್ ಮೂಲಕ ಮೂತ್ರಕೋಶದಲ್ಲಿ ಅಳೆಯುತ್ತಾರೆ. ಪಾದರಸದ 15 ಮಿಲಿಮೀಟರ್ ದಾಟಿದರೆ ಟ್ಯೂಬಿನ ಆಹಾರವನ್ನು ಬಹಳ ನಿಧಾನ ಮಾಡಬೇಕು, 20 ದಾಟಿದರೆ ನಿಲ್ಲಿಸುವ ಯೋಚನೆ. ಆಗ ಟಿಪಿಎನ್ ಬೇಕೇ ಬೇಕು. ಸಕ್ಕರೆ ಮಟ್ಟ, ಟ್ರೈಗ್ಲಿಸರೈಡ್, ರಕ್ತನಾಳದ ಕ್ಯಾತಿಟರಿನ ಸೋಂಕು ಇವುಗಳ ಮೇಲೆ ಕಣ್ಣಿಟ್ಟು ಕೊಡಬೇಕು. ಟ್ಯೂಬಿನಿಂದ ಅರ್ಧದಷ್ಟೇ ಹೋಗುತ್ತಿದ್ದರೆ ಉಳಿದ ಅರ್ಧವನ್ನು ರಕ್ತನಾಳದಿಂದ ಕೊಡುವುದೂ ಸರಿ. ಆಗಲೂ ಕರುಳಿಗೆ ಹೋಗುವ ಆ ಸ್ವಲ್ಪವನ್ನು ನಿಲ್ಲಿಸಬಾರದು.

ಇನ್ನೊಂದು ಎಚ್ಚರಿಕೆ, ತುಂಬಾ ದಿನದಿಂದ ಉಣ್ಣದವರಿಗೆ ಮತ್ತು ಮದ್ಯವ್ಯಸನಿಗಳಿಗೆ. ಹಸಿದ ದೇಹಕ್ಕೆ ಒಮ್ಮೆಲೇ ಪೂರ್ತಿ ಆಹಾರ ಕೊಟ್ಟರೆ ಇನ್ಸುಲಿನ್ ಏರಿ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳೊಳಗೆ ನುಗ್ಗುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದು ಹೃದಯದ ಬಡಿತ ತಪ್ಪಬಹುದು, ಉಸಿರಾಟದ ಸ್ನಾಯು ಸೋಲಬಹುದು. ರೀಫೀಡಿಂಗ್ ಸಿಂಡ್ರೋಮ್ ಎಂದು ಇದಕ್ಕೆ ಹೆಸರು. ಆಹಾರಕ್ಕೂ ಮುಂಚೆ ಥಯಾಮಿನ್ (ವಿಟಮಿನ್ ಬಿ1) ಕೊಟ್ಟು, ಕಡಿಮೆ ಕ್ಯಾಲೊರಿಯಿಂದ ಶುರುಮಾಡಿ, ಮೊದಲ ದಿನಗಳಲ್ಲಿ ಈ ಮೂರು ಲವಣಗಳನ್ನು ದಿನಾ ಪರೀಕ್ಷಿಸಿದರೆ ತಪ್ಪಿಸಬಹುದು.

ಮನೆಗೆ ಹೋದ ಮೇಲೆ

ಪಿತ್ತಕೋಶದ ಕಲ್ಲಿನಿಂದ ಬಂದ ಸೌಮ್ಯ ಕಾಯಿಲೆಯಾದರೆ ಅದೇ ಸಲ ಆಸ್ಪತ್ರೆಯಲ್ಲಿರುವಾಗಲೇ ಪಿತ್ತಕೋಶ ತೆಗೆಸಿಕೊಳ್ಳುವುದು ಒಳ್ಳೆಯದು. ಎಣ್ಣೆ ತುಪ್ಪ ಬಿಟ್ಟರೆ ಸಾಕು, ಆಪರೇಷನ್ ಬೇಡ ಎನ್ನುವ ಸಲಹೆ ನಂಬಿ ಮತ್ತೆ ಅದೇ ನೋವಿನಿಂದ ದಾಖಲಾಗುವವರಿದ್ದಾರೆ. ಮದ್ಯ, ಧೂಮಪಾನ ಬಿಡುವುದರ ಬಗ್ಗೆ ಎರಡು ಮಾತಿಲ್ಲ.

ಕಡೆಗಣಿಸಲ್ಪಡುವ ತೊಂದರೆ ಬೇರೊಂದಿದೆ. ಗ್ರಂಥಿಯ ದೊಡ್ಡ ಭಾಗ ಸತ್ತುಹೋದವರಲ್ಲಿ ಕಿಣ್ವ ಸಾಲದೆ ತಿಂದ ಕೊಬ್ಬು ಹಾಗೇ ಹೊರಹೋಗುತ್ತದೆ. ಮಲ ಬಿಳಚಿಕೊಂಡು ಜಿಡ್ಡಾಗಿ, ವಿಪರೀತ ವಾಸನೆಯಿಂದ, ನೀರು ಹಾಕಿದರೂ ತೇಲುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ನಾಚಿಕೆಯಿಂದ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ, ವೈದ್ಯರೂ ಕೇಳುವುದನ್ನು ಮರೆಯುತ್ತಾರೆ. ಕಿಣ್ವದ ಕ್ಯಾಪ್ಸೂಲ್ ಇದಕ್ಕೆ ಮದ್ದು. ದೊಡ್ಡ ಊಟಕ್ಕೆ ಲೈಪೇಸ್ ಲೆಕ್ಕದಲ್ಲಿ 40,000ದಿಂದ 50,000 ಯೂನಿಟ್, ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲೂ ಅಲ್ಲ, ಕೈ ತೊಳೆದ ಮೇಲೂ ಅಲ್ಲ, ಉಣ್ಣುತ್ತಿರುವಾಗಲೇ ತೆಗೆದುಕೊಳ್ಳಬೇಕು. ರಕ್ತದ ಸಕ್ಕರೆಯನ್ನೂ ಆಗಾಗ ನೋಡಿಸಬೇಕು, ಏಕೆಂದರೆ ಇನ್ಸುಲಿನ್ ತಯಾರಾಗುತ್ತಿದ್ದುದೂ ಅದೇ ಗ್ರಂಥಿಯಲ್ಲಿ.